ಗ್ಯಾಸ್ ಸೋರಿದ ವರ್ಷ

2020ರ ಎಪ್ರಿಲ್ ತಿಂಗಳು. ಮದ್ರಸವೂ ಶಾಲೆಯೂ ಮುಚ್ಚಿ, ನಮ್ಮಂಥ ಅಧ್ಯಾಪಕರು ಗೋಡೆ ನೋಡುತ್ತಾ ಕೂತಿದ್ದ ಕಾಲ. ಅಕ್ಕನ ಮಗ ಬೆಂಗಳೂರಿನ ಹಾಸ್ಟೆಲ್ ಖಾಲಿ ಮಾಡಿ ಲ್ಯಾಪ್‌ಟಾಪ್ ಸಮೇತ ಬಂದು ನಮ್ಮಲ್ಲೇ ಉಳಿದಿದ್ದ. ರಾತ್ರಿ ಇಶಾ ನಮಾಝನ್ನು ಮನೆಯಲ್ಲೇ ಜಮಾಅತ್ ಆಗಿ ಮುಗಿಸಿದ ಮೇಲೆ ಅವನು ಮೂಲೆಯಲ್ಲಿ ಕೂತು, ಕಿವಿಗೆ ವಯರು ಸಿಕ್ಕಿಸಿಕೊಂಡು ಒಬ್ಬನೇ ನಗುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟೆ.

“ಮಾಮಾ, ಇದು ಡಿಗ್ರಿ ಇಲ್ಲದೆ ವಕೀಲನಾದವನ ಕಥೆ. ನಿಮಗೆ ಇಷ್ಟವಾಗಬಹುದು” ಎಂದ.

ನನ್ನ ಬಿ.ಎ. ಪುರಾಣ ಅವನಿಗೆ ಗೊತ್ತು. ದರ್ಸ್ ಮುಗಿಸಿ ಮದ್ರಸದಲ್ಲಿ ಕಲಿಸತೊಡಗಿದ ಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿಗಳನ್ನು ಖಾಸಗಿಯಾಗಿ ಕಟ್ಟಿ, ಅಂಚೆ ಶಿಕ್ಷಣದ ಮೂಲಕ ಬಿ.ಎ. ಮಾಡಿದವನು ನಾನು. ಭಾನುವಾರದ ಸಂಪರ್ಕ ತರಗತಿಗಳಲ್ಲಿ ನನ್ನ ಜೊತೆ ಕೂರುತ್ತಿದ್ದವರು ಒಬ್ಬ ಬಸ್ ಕಂಡಕ್ಟರ್, ಎರಡು ಮಕ್ಕಳ ತಾಯಿಯಾದ ಅಂಗನವಾಡಿ ಶಿಕ್ಷಕಿ, ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ, ಸೇನೆಯಿಂದ ನಿವೃತ್ತರಾದ ಒಬ್ಬರು ಹವಾಲ್ದಾರರು. ಮಧ್ಯಾಹ್ನ ಮರದಡಿ ಬುತ್ತಿ ಬಿಚ್ಚಿ, ಒಂದೇ ನೋಟ್ಸನ್ನು ಐದು ಜನ ಹಂಚಿಕೊಂಡು ಓದುತ್ತಿದ್ದೆವು. ಅಲ್ಲಿ ಸಿಗದೇ ಹೋಗಿದ್ದರೆ ನಾವು ಐವರೂ ಜೀವಮಾನದಲ್ಲಿ ಒಬ್ಬರಿಗೊಬ್ಬರು ಸಲಾಮು ನಮಸ್ಕಾರ ಹೇಳಿಕೊಳ್ಳುತ್ತಿರಲಿಲ್ಲ.

ಅಳಿಯ ತೋರಿಸಿದ ಧಾರಾವಾಹಿಯ ಹೆಸರು ‘ಕಮ್ಯೂನಿಟಿ’. ಅಮೇರಿಕಾದ ಎನ್‌ಬಿಸಿ ಚಾನೆಲ್‌ನಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ. ಗ್ರೀನ್‌ಡೇಲ್ ಎಂಬ ಕಲ್ಪಿತ ಕಮ್ಯೂನಿಟಿ ಕಾಲೇಜಿನ ಕಥೆ. ಅಲ್ಲಿ ಕಮ್ಯೂನಿಟಿ ಕಾಲೇಜು ಎಂದರೆ ಕಡಿಮೆ ಶುಲ್ಕದ, ಯಾವ ವಯಸ್ಸಿನವರಾದರೂ ಸೇರಬಹುದಾದ ಕಾಲೇಜು. ಜೆಫ್ ವಿಂಗರ್ ಎಂಬ ಮಾತುಗಾರ ವಕೀಲನ ಪದವಿ ಸುಳ್ಳೆಂದು ಬಯಲಾಗಿ, ನಿಜವಾದ ಪದವಿ ಪಡೆಯಲು ಆತ ಇಲ್ಲಿಗೆ ಬರುತ್ತಾನೆ. ಸಹಪಾಠಿ ಬ್ರಿಟಾಳ ಸ್ನೇಹ ಸಂಪಾದಿಸಲು ಸ್ಪ್ಯಾನಿಷ್ ಭಾಷೆಯ ಅಧ್ಯಯನ ಕೂಟವಿದೆ ಎಂದು ಸುಳ್ಳು ಹೇಳುತ್ತಾನೆ. ಸುಳ್ಳು ನಿಜವಾಗಿ ಏಳು ಜನ ಒಂದೇ ಮೇಜಿನ ಸುತ್ತ ಬಂದು ಕೂರುತ್ತಾರೆ. ಮೇಲೆದ್ದು ಬಿಟ್ಟುಹೋಗಬೇಕೆಂದು ನೋಡಿದ ವಕೀಲನಿಗೆ ಕೊನೆಗೂ ಎದ್ದು ಹೋಗಲಾಗುವುದಿಲ್ಲ. ನನಗೆ ನಮ್ಮ ಮರದಡಿಯ ಬುತ್ತಿ ನೆನಪಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದರ ಎಲ್ಲಾ ಕಂತುಗಳೂ ಮನೆಮಂದಿಯೆಲ್ಲ ಜೊತೆಯಾಗಿ ಕೂತು ನೋಡುವಂಥವಲ್ಲ. ಕೆಲವು ಕಡೆ ಅಳಿಯನೇ ಮುಜುಗರದಿಂದ ಮುಂದಕ್ಕೆ ಓಡಿಸಿದ್ದುಂಟು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಬೆದ್ ನಾದಿರ್ ಎಂಬ ಪಾತ್ರ. ತಂದೆ ಫೆಲೆಸ್ತೀನ್ ಮೂಲದ ಮುಸ್ಲಿಮ್, ಫಲಾಫಲ್ ಹೋಟೆಲು ನಡೆಸುವವರು. ತಾಯಿ ಪೋಲೆಂಡ್ ಮೂಲದವಳು, ಮನೆ ಬಿಟ್ಟು ಹೋಗಿದ್ದಾಳೆ. ಅಮೇರಿಕಾದ ಟಿ.ವಿ.ಯಲ್ಲಿ ಇಂಥ ಹೆಸರಿನ ಹುಡುಗ ಕಾಣಿಸಿಕೊಂಡರೆ ಮುಂದಿನ ದೃಶ್ಯದಲ್ಲಿ ಬಾಂಬು ಸಿಡಿಯುವುದನ್ನೇ ನೋಡಿದ್ದ ಕಾಲವದು. ಈ ಹುಡುಗನಿಗೆ ಸಿನಿಮಾ ಹುಚ್ಚು. ಮನುಷ್ಯರ ಮುಖದ ಭಾವ ಓದಲು ಅವನಿಗೆ ಬರುವುದಿಲ್ಲ, ಸಿನಿಮಾ ಧಾರಾವಾಹಿಗಳ ಮೂಲಕವೇ ಲೋಕವನ್ನು ಅರ್ಥ ಮಾಡಿಕೊಳ್ಳುತ್ತಾನೆ. ಪಾತ್ರ ಮಾಡಿದ ಡ್ಯಾನಿ ಪೂಡಿ ಮುಸ್ಲಿಮನಲ್ಲ. ಅವರ ತಂದೆ ಭಾರತೀಯರು, ತಾಯಿ ಪೋಲಿಷ್. ತಂದೆಯ ಪಾತ್ರಧಾರಿ ಇಕ್ಬಾಲ್ ಥೇಬಾ ಪಾಕಿಸ್ತಾನ ಮೂಲದವರು.

ಮೂರನೆಯ ಕಂತಿನಲ್ಲಿ ಮಗ ಹೋಟೆಲು ನೋಡಿಕೊಳ್ಳಲಿ ಎಂದು ತಂದೆಯ ಹಟ, ಸಿನಿಮಾ ಕಲಿಯಬೇಕೆಂದು ಮಗನ ಹಟ. ಮಾತಿನಲ್ಲಿ ಹೇಳಲಾರದ್ದನ್ನು ಅವನು ಒಂದು ಪುಟ್ಟ ಚಿತ್ರ ಮಾಡಿ ತೋರಿಸುತ್ತಾನೆ. ಮಗ ಎಲ್ಲರಂತೆ ಇಲ್ಲದ ಕಾರಣಕ್ಕೇ ತಾಯಿ ಬಿಟ್ಟು ಹೋದಳು, ತಂದೆಯ ಸಿಟ್ಟಿಗೂ ಅದೇ ಕಾರಣ ಎಂದು ಆ ಮಗು ಇಷ್ಟು ವರ್ಷ ನಂಬಿಕೊಂಡಿತ್ತು ಎಂಬುದು ತಂದೆಗೆ ಆಗ ತಿಳಿಯುತ್ತದೆ. ಹಾಸ್ಯ ಧಾರಾವಾಹಿ ನೋಡಲು ಕೂತ ನಾನು ಕನ್ನಡಕ ಒರೆಸಿಕೊಂಡೆ. ಅಳಿಯ ನೋಡದವನಂತೆ ನಟಿಸಿದ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಕಲಿಸುತ್ತಾ ಬಂದವನಿಗೆ ಅಂಥ ಎಷ್ಟು ಹುಡುಗರ ಮುಖ ಕಣ್ಣಮುಂದೆ ಬಂದಿರಬೇಡ!

ಇದನ್ನೆಲ್ಲ ಸೃಷ್ಟಿಸಿದವರು ಡ್ಯಾನ್ ಹಾರ್ಮನ್. ಅವರೂ ಸ್ವತಃ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಕಮ್ಯೂನಿಟಿ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಯಲು ಸೇರಿದ್ದರು. ಅಲ್ಲಿ ಅಪರಿಚಿತರ ಅಧ್ಯಯನ ಕೂಟವೊಂದರಲ್ಲಿ ಸಿಕ್ಕಿಕೊಂಡು, ತನಗೆ ಯಾವ ಸಂಬಂಧವೂ ಇಲ್ಲದ ಈ ಜನರ ಬಗ್ಗೆ ತನಗೇಕೆ ಅಕ್ಕರೆ ಹುಟ್ಟುತ್ತಿದೆ ಎಂದು ಆಶ್ಚರ್ಯಪಟ್ಟವರು. ಧಾರಾವಾಹಿ ಹುಟ್ಟಿದ್ದು ಆ ಆಶ್ಚರ್ಯದಿಂದ.

ಹಾರ್ಮನ್ ಕಥೆ ಕಟ್ಟುವ ಕ್ರಮ ಅಲ್ಲಿನ ಬರಹಗಾರರ ನಡುವೆ ಪ್ರಸಿದ್ಧ. ಬೋರ್ಡಿನ ಮೇಲೆ ಒಂದು ವೃತ್ತ ಬರೆದು ಅದನ್ನು ಎಂಟು ಭಾಗ ಮಾಡುತ್ತಾರೆ. ಒಬ್ಬ ಮನುಷ್ಯ, ಅವನಿಗೊಂದು ಕೊರತೆ, ಅದನ್ನು ತುಂಬಲು ಅವನು ಹೊರಡುವುದು, ಹುಡುಕುವುದು, ಸಿಗುವುದು, ಅದಕ್ಕೆ ಬೆಲೆ ತೆರುವುದು, ಹಿಂದಿರುಗುವುದು, ಬದಲಾಗಿರುವುದು. ಇಪ್ಪತ್ತೊಂದು ನಿಮಿಷದ ಪ್ರತಿಯೊಂದು ಕಂತಿಗೂ ಈ ವೃತ್ತ. ಜೋಸೆಫ್ ಕ್ಯಾಂಪ್‌ಬೆಲ್ ಎಂಬ ಪುರಾಣತಜ್ಞರ ವಿಚಾರಗಳನ್ನು ಹಾರ್ಮನ್ ಹೀಗೆ ಅಡುಗೆಮನೆಯ ಬಳಕೆಗೆ ಇಳಿಸಿಕೊಂಡಿದ್ದರು. ಹೊರಗೆ ಎಷ್ಟೇ ಕೋತಿಚೇಷ್ಟೆ ಇರಲಿ, ಒಳಗೆ ಯಾರಿಗೋ ಏನೋ ಬೇಕಾಗಿರುತ್ತದೆ.

2010ರಲ್ಲಿ ಬಂದ ಒಂದು ಕಂತು ಪೂರ್ತಿ ನಡೆಯುವುದು ಒಂದೇ ಕೋಣೆಯಲ್ಲಿ, ಒಂದು ಪೆನ್ನಿಗಾಗಿ. ಆ್ಯನಿ ಎಂಬ ಹುಡುಗಿಯ ಪೆನ್ನು ಕಾಣೆಯಾಗುತ್ತದೆ. ಅದು ಸಿಗುವವರೆಗೆ ಯಾರೂ ಹೊರಗೆ ಹೋಗಬಾರದೆಂದು ತೀರ್ಮಾನ. ಚೀಲಗಳ ತಪಾಸಣೆಯಾಗುತ್ತದೆ, ಗುಟ್ಟುಗಳು ಬಯಲಾಗುತ್ತವೆ, ಕೋಣೆ ಧ್ವಂಸವಾಗುತ್ತದೆ, ಪೆನ್ನು ಮಾತ್ರ ಸಿಗುವುದಿಲ್ಲ. ಕೊನೆಗೆ ಅವರೆಲ್ಲ ಸೇರಿ ಅದನ್ನು ಯಾವುದೋ ಭೂತ ಒಯ್ದಿರಬೇಕೆಂದು ಒಪ್ಪಿಕೊಳ್ಳುತ್ತಾರೆ. ತಮ್ಮಲ್ಲೊಬ್ಬ ಕಳ್ಳ ಎಂದು ನಂಬುವುದಕ್ಕಿಂತ ಅದೇ ಸುಲಭ. (ಕದ್ದದ್ದು ಒಂದು ಕೋತಿ ಎಂದು ನಮಗೆ ಮಾತ್ರ ತೋರಿಸುತ್ತಾರೆ.) ಯಾವ ಸ್ಟಾಫ್ ರೂಮಿನಲ್ಲಿ ಈ ನಾಟಕ ನಡೆದಿಲ್ಲ ಹೇಳಿ? ನಮ್ಮಲ್ಲಿ ಭೂತಕ್ಕೆ ಬದಲು ಪೇದೆಯ ಮೇಲೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಮೂರು ಸೀಸನ್, ಎಪ್ಪತ್ತೊಂದು ಕಂತುಗಳು ಹೀಗೆ ಮುಗಿದವು. ವಿಮರ್ಶಕರು ಹೊಗಳಿದರು, ನೋಡುವವರ ಸಂಖ್ಯೆ ಮಾತ್ರ ಏರಲಿಲ್ಲ. ಹಾರ್ಮನ್ ಜೊತೆ ಕೆಲಸ ಮಾಡುವುದೂ ಸುಲಭವಿರಲಿಲ್ಲ. ರಾತ್ರಿಯಿಡೀ ತಿದ್ದುವುದು, ಚಿತ್ರೀಕರಣದ ಹೊತ್ತಿಗೂ ಪ್ರತಿ ಸಿದ್ಧವಿಲ್ಲದಿರುವುದು, ಹಿರಿಯ ನಟ ಚೆವಿ ಚೇಸ್ ಜೊತೆ ಬೀದಿಗೆ ಬಂದ ಜಗಳ. 2012ರ ಮೇ ತಿಂಗಳಲ್ಲಿ, ಮೂರನೆಯ ಸೀಸನ್ನಿನ ಕೊನೆಯ ಕಂತು ಪ್ರಸಾರವಾದ ಬೆನ್ನಿಗೇ, ನಿರ್ಮಾಣ ಸಂಸ್ಥೆ ಸೋನಿ ಅವರನ್ನು ಆ ಸ್ಥಾನದಿಂದ ತೆಗೆದುಹಾಕಿತು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಹಾರ್ಮನ್ ಬರೆದುಕೊಂಡರು. ಅವರೊಂದಿಗೆ ಹಳೆಯ ಬರಹಗಾರರಲ್ಲಿ ಕೆಲವರೂ, ನಿರ್ದೇಶಕರಾದ ರೂಸೋ ಸಹೋದರರೂ ಹೊರಟುಹೋದರು.

ಅವರ ಜಾಗಕ್ಕೆ ಬಂದವರು ಡೇವಿಡ್ ಗ್ವಾರಾಸ್ಕಿಯೋ ಮತ್ತು ಮೋಸಸ್ ಪೋರ್ಟ್. ಇವರು ಕೈಲಾಗದವರೇನಲ್ಲ. 2007ರಲ್ಲಿ ‘ಏಲಿಯನ್ಸ್ ಇನ್ ಅಮೇರಿಕಾ’ ಎಂಬ ಧಾರಾವಾಹಿ ಸೃಷ್ಟಿಸಿದವರು ಇವರೇ. ಅಮೇರಿಕಾದ ಸಣ್ಣ ಊರೊಂದರ ಮನೆಗೆ ವಿದ್ಯಾರ್ಥಿಯಾಗಿ ಬರುವ ಪಾಕಿಸ್ತಾನದ ಮುಸ್ಲಿಮ್ ಹುಡುಗನ ಕಥೆ ಅದು. ಆ ಹುಡುಗನನ್ನು ಅನುಕಂಪದಿಂದಲೇ ಚಿತ್ರಿಸಿದ್ದರು. ಒಂದೇ ಸೀಸನ್ನಿಗೆ ಅದು ನಿಂತಿತು.

ನಾಲ್ಕನೆಯ ಸೀಸನ್ 2012ರ ಅಕ್ಟೋಬರ್ 19ಕ್ಕೆ ಬರಬೇಕಿತ್ತು. ಬಂದದ್ದು 2013ರ ಫೆಬ್ರವರಿ 7ಕ್ಕೆ. ಹದಿಮೂರೇ ಕಂತು. ಅಳಿಯ ಮೊದಲೇ ಎಚ್ಚರಿಸಿದ್ದ: “ಇನ್ನು ಸ್ವಲ್ಪ ಸಪ್ಪೆ, ಮಾಮಾ. ಬೇಕಾದರೆ ಹಾರಿಸಿ ಐದಕ್ಕೆ ಹೋಗೋಣ.” ನಾನು ಬೇಡವೆಂದೆ. ಎಲ್ಲಿ ಸಪ್ಪೆಯಾಯಿತು ಎಂದು ನೋಡುವ ಕುತೂಹಲ.

ನೋಡಿದೆ. ಅದೇ ಮೇಜು, ಅದೇ ಏಳು ಕುರ್ಚಿ, ಅದೇ ನಟರು. ಮೊದಲ ಕಂತಿನಲ್ಲೇ ಅಬೆದ್, ಕಾಲೇಜು ಮುಗಿದು ಎಲ್ಲರೂ ಚದುರಿ ಹೋಗುವ ಭಯಕ್ಕೆ, ತಲೆಯೊಳಗೆ ಒಂದು ಹಳೆಯ ಮಾದರಿಯ ಧಾರಾವಾಹಿಯನ್ನು ಕಲ್ಪಿಸಿಕೊಳ್ಳುತ್ತಾನೆ. ಅದರಲ್ಲಿ ಪ್ರತಿ ಮಾತಿಗೂ ಧ್ವನಿಮುದ್ರಿತ ನಗು. ಇದು ಹೊಸಬರ ಮನಸ್ಸಿನ ಭಯವೇ ಎಂದು ನನಗನಿಸಿತು. ಇನ್ನೊಂದು ಕಂತಿನಲ್ಲಿ ಎಲ್ಲರೂ ಗೊಂಬೆಗಳಾಗುತ್ತಾರೆ. ಎರಡನೆಯ ಸೀಸನ್ನಿನಲ್ಲಿಯೂ ಪಾತ್ರಗಳು ಗೊಂಬೆಗಳಾಗಿದ್ದವು. ಆದರೆ ಅಲ್ಲಿ ಆ ವರ್ಷ ತಾಯಿ ಬರುವುದಿಲ್ಲ ಎಂಬ ಸುದ್ದಿ ತಾಳಲಾರದೆ ಅಬೆದ್‌ನ ಕಣ್ಣಿಗೆ ಲೋಕವೇ ಗೊಂಬೆಯಾಗಿ ಕಂಡಿತ್ತು. ಇಲ್ಲಿ ಗೊಂಬೆ ಮೊದಲು ಬಂತು, ಕಾರಣವನ್ನು ಆಮೇಲೆ ಹುಡುಕಿದರು.

ಜೆಫ್ ತನ್ನನ್ನು ಬಾಲ್ಯದಲ್ಲೇ ಬಿಟ್ಟುಹೋದ ತಂದೆಯನ್ನು ಕಾಣುವ ಕಂತೂ ಈ ಸೀಸನ್ನಿನಲ್ಲಿದೆ. ಕರುಣೆ ಹುಟ್ಟಿಸುವ ಮಾತುಗಳು ಅದರಲ್ಲಿವೆ, ಅಲ್ಲಗಳೆಯುವುದಿಲ್ಲ. ಆದರೆ ಮೂರು ಸೀಸನ್ ಉದ್ದಕ್ಕೂ ಒಳಗೊಳಗೇ ಕೀವು ಕಟ್ಟಿಕೊಂಡಿದ್ದ ಗಾಯವದು. ಹೊಸಬರು ಒಂದೇ ಸಂಜೆಯ ಊಟದಲ್ಲಿ ಒಡೆದು ತೊಳೆದು ಮುಗಿಸಿಬಿಟ್ಟರು.

ನನಗೆ ತೀರ ಬೇಸರ ತಂದದ್ದು ಸೀಸನ್ನಿನ ಕೊನೆಯ ಹೊತ್ತಿಗೆ ಬರುವ ಒಂದು ಕಂತು. ಈ ಏಳು ಜನ ಕಾಲೇಜಿಗೆ ಬರುವ ಮೊದಲೇ ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ಹಾದು ಹೋಗಿದ್ದರು, ಎಲ್ಲರೂ ಒಂದೇ ಮಾಲ್‌ನಲ್ಲಿ ಅಡ್ಡಾಡಿದ್ದರು ಎಂದು ಅದರಲ್ಲಿ ತೋರಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಯಾವ ನಂಟೂ ಇಲ್ಲದವರು ಒಂದು ಸುಳ್ಳಿನ ನೆಪದಲ್ಲಿ ಸೇರಿ ಒಬ್ಬರಿಗೊಬ್ಬರು ಬೇಕಾದರು ಎಂಬುದೇ ಮೂಲದವರ ಬೆರಗಾಗಿತ್ತು. ಮೊದಲೇ ನಂಟಿತ್ತು ಎಂದ ಮೇಲೆ ಬೆರಗೆಲ್ಲಿ ಉಳಿಯಿತು? ನಮ್ಮ ಹವಾಲ್ದಾರರೂ ನಾನೂ ಯಾವುದೋ ಉರೂಸಿನಲ್ಲಿ ಮೊದಲೇ ಎದುರಾಗಿದ್ದೆವು ಎಂದು ಯಾರಾದರೂ ಸಾಬೀತು ಮಾಡಿದರೆ, ನನ್ನ ಮರದಡಿಯ ಭಾನುವಾರಗಳಿಂದ ಏನನ್ನೋ ಕಿತ್ತುಕೊಂಡಂತೆಯೇ ಸರಿ.

ಒಂದು ಕಂತು ಮಾತ್ರ ಹಳೆಯ ರುಚಿ ಕೊಟ್ಟಿತು. ಇಬ್ಬರು ಗೆಳೆಯರು, ಅಬೆದ್ ಮತ್ತು ಟ್ರಾಯ್, ದೇಹ ಅದಲುಬದಲಾದಂತೆ ನಟಿಸುವ ಕಂತು. ಅದನ್ನು ಬರೆದದ್ದು ಕಾಲೇಜಿನ ಡೀನ್ ಪಾತ್ರ ಮಾಡುತ್ತಿದ್ದ ನಟ ಜಿಮ್ ರ್‍ಯಾಶ್. ಮೊದಲ ದಿನದಿಂದ ಒಳಗಿದ್ದವರಲ್ಲವೇ, ಮನೆಯ ಯಾವ ಬಾಗಿಲು ಕಿರ್ರೆನ್ನುತ್ತದೆ ಎಂದು ಅವರಿಗೆ ಗೊತ್ತಿತ್ತು.

“ಆ ಇಬ್ಬರು ಹೊಸಬರಿಗೆ ಏನೂ ಬರುವುದಿಲ್ಲ, ಮಾಮಾ” ಎಂದು ಅಳಿಯ ತೀರ್ಪು ಕೊಟ್ಟ. ನಾನು ಸುಮ್ಮನಿದ್ದೆ. ಅವನಿಗೆ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

2005ರಲ್ಲಿ ನಾನು ಹೊಸ ಊರೊಂದರ ಮದ್ರಸಕ್ಕೆ ಸೇರಿದೆ. ರಮಝಾನ್ ಕಳೆದ ಮೇಲೆ ಉಸ್ತಾದರು ಬದಲಾಗುವುದು ನಮ್ಮ ಕರಾವಳಿಯಲ್ಲಿ ಹೊಸದಲ್ಲ. ನನ್ನ ಮುಂಚಿನವರು ಅಲ್ಲಿ ಪ್ರತಿ ಗುರುವಾರ ರಾತ್ರಿ ಮಕ್ಕಳ ಸಾಹಿತ್ಯ ಸಮಾಜ ನಡೆಸುತ್ತಿದ್ದರು. ಭಾಷಣ, ಹಾಡು, ಚರ್ಚೆ ಎಲ್ಲ ಕಡೆಯೂ ಇರುತ್ತದೆ. ಇವರದು ಬೇರೆ. ಕೊನೆಗೆ ಒಂದು ಹಾಸ್ಯ ಪ್ರಹಸನ ಇರುತ್ತಿತ್ತು, ಅದನ್ನು ನೋಡಲು ಊರವರೇ ಬಂದು ಮದ್ರಸದ ಕಿಟಕಿಗೆ ಜೋತು ಬೀಳುತ್ತಿದ್ದರಂತೆ. ಯಾವುದೋ ಪ್ರಹಸನ ಯಾರಿಗೋ ಚುಚ್ಚಿತು. ಕಮಿಟಿಯಲ್ಲಿ ಮಾತಾಯಿತು. ಶಅಬಾನ್ ತಿಂಗಳಲ್ಲಿ ಅವರಿಗೆ ಲೆಕ್ಕ ಚುಕ್ತಾ ಮಾಡಿದರು. ನನ್ನನ್ನು ನೇಮಿಸುವಾಗ ಹೇಳಿದ ಮಾತು ಇನ್ನೂ ನೆನಪಿದೆ: “ಸಮಾಜ ನಿಲ್ಲಬಾರದು ಉಸ್ತಾದ್, ಹಿಂದಿನಂತೆಯೇ ನಡೆಯಬೇಕು.”

ಹಿಂದಿನಂತೆ! ನಾನು ಹಳೆಯ ಹುಡುಗರನ್ನು ಕೂರಿಸಿ, ಹಿಂದೆ ಏನೇನು ಮಾಡುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡೆ. ಎಲ್ಲರ ಬಾಯಲ್ಲೂ ಒಂದೇ ಹೆಸರು, ‘ಆಡಿನ ಕೋರ್ಟು’. ಒಬ್ಬ ಹುಡುಗನ ಪುಸ್ತಕವನ್ನು ಒಂದು ಆಡು ತಿಂದಿದೆ. ಆಡನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಎರಡು ಕಡೆಗೂ ವಕೀಲರು, ತಲೆಗೆ ಹತ್ತಿ ಅಂಟಿಸಿಕೊಂಡ ನ್ಯಾಯಾಧೀಶ. ಕೇಳುವಾಗಲೇ ನನಗೆ ನಗು. ಅದನ್ನೇ ಮತ್ತೆ ಕಟ್ಟಿಸಿದೆ. ಮಾತುಗಳನ್ನು ಚುರುಕು ಮಾಡಿದೆ, ಆಡಿಗೆ ಗಡ್ಡ ಕೊಂಬು ಎಲ್ಲ ಮಾಡಿಸಿದೆ. ಒಂದರ ಬದಲು ಎರಡು ಆಡು.

ಆ ರಾತ್ರಿ ಕಿಟಕಿಗಳಲ್ಲಿ ಜನ ತುಂಬಿದ್ದರು. ಮೊದಲ ಐದು ನಿಮಿಷ ನಕ್ಕರು. ಆಮೇಲೆ ನಗು ಇಳಿಯಿತು. ಹುಡುಗರು ಇನ್ನೂ ಜೋರಾಗಿ ಕಿರುಚಿದರು. ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಉಳಿದದ್ದು ನಾಲ್ಕು ತಲೆ. ಮಿಂಬರಿನ ಕಡೆಯ ಬೆಂಚಿನಲ್ಲಿದ್ದ ಒಬ್ಬರು ಹಿರಿಯರು ನನಗೆ ಸಮಾಧಾನವಾಗಲಿ ಎಂದು, “ಚೆನ್ನಾಗಿತ್ತು, ಹಿಂದಿನ ಹಾಗೆಯೇ ಇತ್ತು” ಎಂದರು. ಎರಡು ವರ್ಷ ನಾನು ಆ ಸಮಾಜವನ್ನು ಎಳೆದೆ. ಕೊನೆಕೊನೆಗೆ ಭಾಷಣ ಮತ್ತು ಹಾಡು ಮಾತ್ರ ಉಳಿದವು. ಯಾರೂ ಏಕೆಂದು ಕೇಳಲಿಲ್ಲ.

ಆದುದರಿಂದ ಗ್ವಾರಾಸ್ಕಿಯೋ, ಪೋರ್ಟ್ ಎಂಬ ಆ ಇಬ್ಬರ ಹೆಸರು ಪರದೆಯ ಮೇಲೆ ಬರುವಾಗೆಲ್ಲ ನನಗೆ ನಗಲಾಗಲಿಲ್ಲ.

ಮುಂದಿನದು ಅಪರೂಪದ ಸಂಗತಿ. ಟಿ.ವಿ. ಲೋಕದಲ್ಲಿ ಹೊರಹಾಕಿದವರನ್ನು ಮತ್ತೆ ಕರೆಯುವುದು ಬಹಳ ಕಡಿಮೆ. 2013ರ ಜೂನ್‌ನಲ್ಲಿ ಹಾರ್ಮನ್‌ರನ್ನು ವಾಪಸು ಕರೆದರು. ಜೆಫ್ ಪಾತ್ರದ ಜೋಯಲ್ ಮೆಕ್‌ಹೇಲ್ ಅದಕ್ಕಾಗಿ ಓಡಾಡಿದ್ದರು. ತನ್ನ ಅನುಪಸ್ಥಿತಿಯ ಸೀಸನ್ನನ್ನು ನೋಡಿದ ಹಾರ್ಮನ್ ಅದರ ಬಗ್ಗೆ ಬಹಿರಂಗವಾಗಿ ತೀರ ಕಟುವಾಗಿ ಆಡಿ, ಆಮೇಲೆ ಕ್ಷಮೆ ಕೇಳಬೇಕಾಯಿತು. 2014ರ ಜನವರಿಯಲ್ಲಿ ಐದನೆಯ ಸೀಸನ್ ಬಂತು. ವಕೀಲಿಕೆಯಲ್ಲಿ ಸೋತ ಜೆಫ್ ಅದೇ ಕಾಲೇಜಿಗೆ ಮರಳುತ್ತಾನೆ, ಈ ಬಾರಿ ಅಧ್ಯಾಪಕನಾಗಿ! ನಾನು ಅಳಿಯನ ಬೆನ್ನಿಗೊಂದು ಗುದ್ದಿದೆ. ಹಿಂದಿನ ವರ್ಷವನ್ನು ಪಾತ್ರಗಳೇ ‘ಗ್ಯಾಸ್ ಸೋರಿದ ವರ್ಷ’ ಎಂದು ಕರೆಯುತ್ತವೆ. ಕಾಲೇಜಿನಲ್ಲಿ ಗ್ಯಾಸ್ ಸೋರಿ ಎಲ್ಲರ ತಲೆ ಕೆಟ್ಟಿತ್ತಂತೆ, ಆಗ ಆದದ್ದಕ್ಕೆಲ್ಲ ಅದೇ ಕಾರಣವಂತೆ. ಅಳಿಯ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಆದರೆ ಆ ಹದಿಮೂರು ಕಂತುಗಳಿಗೆ ರಾತ್ರಿ ಹಗಲು ದುಡಿದವರ ಮನೆಯಲ್ಲಿ ಆ ಮಾತನ್ನು ಹೇಗೆ ಕೇಳಿಸಿಕೊಂಡಿರಬಹುದು ಎಂದೂ ಅನಿಸಿತು.

ಮರಳಿ ಬಂದ ಮಾತ್ರಕ್ಕೆ ಎಲ್ಲವೂ ಮರಳಲಿಲ್ಲ. ಚೆವಿ ಚೇಸ್ ಅಷ್ಟರಲ್ಲಿ ಬಿಟ್ಟಿದ್ದರು. ಟ್ರಾಯ್ ಪಾತ್ರದ ಡೊನಾಲ್ಡ್ ಗ್ಲೋವರ್ ಐದು ಕಂತಿನ ನಂತರ ಹೊರಟರು. 2014ರ ಮೇನಲ್ಲಿ ಎನ್‌ಬಿಸಿ ಧಾರಾವಾಹಿಯನ್ನೇ ಕೈಬಿಟ್ಟಿತು. ಯಾಹೂ ಎತ್ತಿಕೊಂಡು 2015ರಲ್ಲಿ ಆರನೆಯ ಸೀಸನ್ ತೋರಿಸಿತು. ಒಟ್ಟು 110 ಕಂತುಗಳಿಗೆ ಮುಗಿಯಿತು. ಆ ಬಳಿಕ ಒಂದು ಸಿನಿಮಾ ಮಾಡುವುದಾಗಿ 2022ರಲ್ಲಿ ಘೋಷಣೆಯೂ ಆಯಿತು.

ಹಾರ್ಮನ್‌ರನ್ನು ನಾನು ಮಹಾತ್ಮನನ್ನಾಗಿ ಮಾಡಲಾರೆ. 2018ರ ಜನವರಿಯಲ್ಲಿ ಅವರೇ ತಮ್ಮ ಪಾಡ್‌ಕಾಸ್ಟ್‌ನಲ್ಲಿ, ಈ ಧಾರಾವಾಹಿಯ ಕಾಲದಲ್ಲಿ ತನ್ನ ಕೈಕೆಳಗಿದ್ದ ಯುವ ಬರಹಗಾರ್ತಿಯೊಬ್ಬಳ ಹಿಂದೆ ಬಿದ್ದು, ಅವಳು ಒಪ್ಪದಿದ್ದಾಗ ಕೆಲಸದಲ್ಲಿ ಕಾಡಿದ್ದನ್ನು ವಿವರವಾಗಿ ಒಪ್ಪಿಕೊಂಡರು. ಆಕೆ ಆ ಕ್ಷಮಾಯಾಚನೆಯನ್ನು ಸ್ವೀಕರಿಸಿದಳು. ಅಬೆದ್‌ನ ನೋವನ್ನು ಅಷ್ಟು ಬಲ್ಲವನಿಗೆ ಎದುರಿನ ಮೇಜಿನವಳ ನೋವು ಕಾಣಲಿಲ್ಲವಲ್ಲ! ಈ ಒಂದು ಗಂಟು ನನಗೆ ಇವತ್ತಿಗೂ ಬಿಚ್ಚಲಾಗಿಲ್ಲ.

ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕ ಬಂದು ಕೂತವರು ಆ ಹಿಂದಿನ ಉಸ್ತಾದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಪರಿಚಯ ಹೇಳಿಕೊಂಡೆ. ಅವರ ಮುಖದಲ್ಲಿ ಕಹಿ ಕಾಣಲಿಲ್ಲ. ಧೈರ್ಯ ಮಾಡಿ ಆಡಿನ ಕೋರ್ಟಿನ ಕಥೆಯನ್ನು ಹೇಳಿದೆ, ಎರಡು ಆಡು ತಂದದ್ದನ್ನೂ ಹೇಳಿದೆ. ಅವರು ತಟ್ಟೆ ಬದಿಗಿಟ್ಟು ನಕ್ಕರು.

“ಅದು ಪ್ರಹಸನ ಎಂದು ಮಾಡಿದ್ದಲ್ಲ ಉಸ್ತಾದ್. ಆಡು ನಿಜವಾಗಿಯೂ ಪುಸ್ತಕ ತಿಂದಿತ್ತು. ಆಡಿನ ಮನೆಯ ಹುಡುಗ, ಪುಸ್ತಕದ ಹುಡುಗ ಇಬ್ಬರೂ ಒಂದೇ ಬೆಂಚಿನವರು. ಎರಡು ತಿಂಗಳು ಮಾತು ಬಿಟ್ಟಿದ್ದರು. ಮನೆಯವರೂ ಬಿಟ್ಟಿದ್ದರು. ಇಬ್ಬರನ್ನೂ ವಕೀಲರನ್ನಾಗಿ ಮಾಡಿದೆ, ಅದೂ ಅದಲುಬದಲು ಮಾಡಿ. ಆಡಿನ ಹುಡುಗ ಪುಸ್ತಕದ ಪರ ವಾದಿಸಬೇಕು, ಪುಸ್ತಕದವನು ಆಡಿನ ಪರ. ಕಿಟಕಿಯಲ್ಲಿ ಇದ್ದವರು ಅವರ ಉಪ್ಪಂದಿರು.”

ನನಗೆ ಮಾತು ಹೊರಡಲಿಲ್ಲ. ಎರಡು ವರ್ಷ ನಾನು ಆ ಹುಡುಗರಿಬ್ಬರಿಗೂ ಕಲಿಸಿದ್ದೇನೆ.

“ಈಗ ಹೇಗಿದ್ದಾರೆ ಅವರಿಬ್ಬರು? ಮಾತಾಡುತ್ತಾರಲ್ಲ?” ಎಂದು ಕೇಳಿದರು.

ಒಬ್ಬ ದಮ್ಮಾಮಿನಲ್ಲಿದ್ದಾನೆ, ಇನ್ನೊಬ್ಬ ಊರಲ್ಲೇ ಗ್ಯಾರೇಜ್ ಇಟ್ಟಿದ್ದಾನೆ ಎಂದೆ. ಮಾತಾಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, “ಗ್ಯಾರೇಜ್ ಎಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರವೇ?” ಎಂದು ವಿಳಾಸ ಕೇಳತೊಡಗಿದರು.